ತುಪ್ಪಳದ ಒಳಮೈ

ಬಸ್ಸಿನ ಮುಂದಿನ ಸೀಟಿನಲ್ಲಿ ಕೂತವನು ಸ್ವೆಟರನ್ನು ಒಳಮೈ ಹೊರಗೆ ಮಾಡಿ ಹಾಕಿಕೊಂಡಿದ್ದ. ಕತ್ತಿನ ಹಿಂದೆ ಅಂಗಡಿಯ ಚೀಟಿ ಎದ್ದು ನಿಂತಿತ್ತು, ಹೆಗಲಿನ ಹೊಲಿಗೆಗಳು ಉಬ್ಬಿಕೊಂಡಿದ್ದವು, ಒಂದು ಕಡೆ ನೀಲಿ ದಾರದ ಗಂಟು ನೇತಾಡುತ್ತಿತ್ತು. ಎಲ್ವೀನಾ ಲವಾಲೆಗೆ ನಗು ಬಂತು. ಹೇಳಬೇಕೋ ಬಾರದೋ, ಐವತ್ತು ದಾಟಿದ ಹೆಂಗಸು ಬೆಳಗ್ಗೆ ಬೆಳಗ್ಗೆಯೇ ಗುರುತಿಲ್ಲದವನ ಬೆನ್ನು ತಟ್ಟಿದರೆ ಏನಂದುಕೊಂಡಾನು ಎಂದು ಯೋಚಿಸುತ್ತಿರುವಾಗ ಬಸ್ಸು ಸೇತುವೆ ಹತ್ತಿತು, ಕೆಳಗೆ ರೆಡ್ ನದಿಯ ಮಂಜುಗಡ್ಡೆ ಮಾರ್ಚಿನ ಬಿಸಿಲಿಗೆ ಕಪ್ಪಗಾಗಿ ಬಿರುಕು ಬಿಟ್ಟಿತ್ತು, ಅವಳ ನಗು ಅಲ್ಲೇ ನಿಂತಿತು. ಅಯ್ಯೋ ದೇವರೇ, ನಾನೂ ಹೀಗೇ ಮಾಡಿದ್ದೇನೆ. ವರ್ಷಗಟ್ಟಲೆ ನೆಲದ ಮೇಲೆ ಕೂತು ಹೊಲಿದ, ಈಗಾಗಲೇ ಗ್ಯಾಲರಿಯ ಗೋಡೆ ಏರಿರುವ, ಇವತ್ತು ಸಂಜೆ ವಿನ್ನಿಪೆಗ್‌ನ ದೊಡ್ಡವರೆಲ್ಲ ನೋಡಲು ಬರುವ ಆ ತುಪ್ಪಳದ ಹೊದಿಕೆಯನ್ನು ತಾನು ಉಲ್ಟಾ ತೂಗುಹಾಕಿಸಿದ್ದಾಳೆ. ತುಪ್ಪಳ ಹೊರಗಿದೆ. ಅದು ಒಳಗಿರಬೇಕಿತ್ತು.

ಗೊತ್ತಿಲ್ಲದ ವಿಷಯವಾಗಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಗೋಡೆಯ ಪಕ್ಕದ ಫಲಕದಲ್ಲಿ ಅವಳೇ ಬರೆದುಕೊಟ್ಟಿದ್ದಳು: ಸಮುದ್ರದಾಚೆಯ ಗಂಡಸರಿಗೆ ಟೊಪ್ಪಿಗೆಯ ಹುಚ್ಚು ಹತ್ತಿದ ಕಾಲದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಬೆಲೆ ಬೀವರ್ ಎಂಬ ನೀರುಪ್ರಾಣಿಯ ಹೊಸ ಚರ್ಮಕ್ಕಲ್ಲ, ನಮ್ಮ ಅಜ್ಜಿಯರು ಒಂದೆರಡು ಚಳಿಗಾಲ ಮೈಮೇಲೆ ಹೊದ್ದು ಸವೆಸಿದ ಚರ್ಮಕ್ಕೆ. ತುಪ್ಪಳ ಒಳಗೆ, ತೊಗಲು ಹೊರಗೆ. ಮೈಗೆ ಉಜ್ಜಿ ಉಜ್ಜಿ ಒರಟು ಕೂದಲು ಉದುರಿ, ಬೆವರು ಜಿಡ್ಡು ಕುಡಿದು, ಒಳಗಿನ ಮೃದುವಾದ ಉಣ್ಣೆ ಮಾತ್ರ ಉಳಿಯುತ್ತಿತ್ತು; ಟೊಪ್ಪಿಗೆ ಮಾಡುವವರು ಅದಕ್ಕೇ ಬಾಯಿ ಬಿಡುತ್ತಿದ್ದರು. ಪ್ಯಾರಿಸ್ಸಿನ ಶ್ರೀಮಂತನೊಬ್ಬ ಇಲ್ಲಿನ ಮೂಲನಿವಾಸಿ ಕ್ರೀ ಜನದ ಮುದುಕಿಯ ಬೆವರನ್ನು ತಲೆಯ ಮೇಲೆ ಹೊತ್ತು ಇಗರ್ಜಿಗೆ ಹೋಗುವ ಚಿತ್ರ ಕಣ್ಣಿಗೆ ಬಂದಾಗಲೆಲ್ಲ ಎಲ್ವೀನಾ ಒಬ್ಬಳೇ ನಗುತ್ತಿದ್ದಳು. ಆ ಚಿತ್ರದಿಂದಲೇ ಈ ಹೊದಿಕೆ ಹುಟ್ಟಿದ್ದು. ಅಷ್ಟೆಲ್ಲ ತಿಳಿದವಳು ಹೊಲಿಯುವಾಗ ಮಾತ್ರ ಪೇಟೆಯ ಹೆಂಗಸಾಗಿಬಿಟ್ಟಿದ್ದಳು. ಹುಡುಗಿಯಾಗಿದ್ದಾಗ ಕ್ರಿಸ್‌ಮಸ್ ಪೂಜೆ ಮುಗಿಸಿ ಮೆಟ್ಟಿಲಿಳಿಯುವ ಡಾಕ್ಟರ ಹೆಂಡತಿಯ ತುಪ್ಪಳದ ಕೋಟು ಮಿರಮಿರ ಮಿಂಚುತ್ತಿದ್ದದ್ದು, ಕೈ ಚಾಚಿದ ತನಗೆ ‘ಮುಟ್ಟಬೇಡ ಮರಿ, ನಿನ್ನ ಕೈ ಮೀನು ವಾಸನೆ’ ಎಂದು ಆಕೆ ನಗುತ್ತಲೇ ಅಂದದ್ದು, ಆ ಮಿಂಚು ಎಲ್ಲಿ ಕೂತಿತ್ತೋ, ಬೆರಳುಗಳಿಗೆ ಬಂದು ತುಪ್ಪಳವನ್ನು ಹೊರಗೆ ತಿರುಗಿಸಿತ್ತು. ಈಗ ಸಿಟ್ಟು ಬರಬೇಕಾದಲ್ಲಿ ಅವಳಿಗೆ ಖುಷಿಯಾಗುತ್ತಿತ್ತು, ಕೂತಲ್ಲಿ ಕೂರಲಾಗದಷ್ಟು ಖುಷಿ. ತಿರುಗಿಸಿದರೆ ಆಯಿತಲ್ಲ! ಇನ್ನೂ ಇಡೀ ದಿನ ಇದೆ. ಇಳಿಯುವ ಮೊದಲು ಮುಂದಿನವನ ಬೆನ್ನು ತಟ್ಟಿ, ‘ಸ್ವೆಟರ್ ಉಲ್ಟಾ ಹಾಕ್ಕೊಂಡಿದೀರ, ತೆಗೀಬೇಡಿ, ಹಾಗೇ ಚೆನ್ನಾಗಿದೆ’ ಎಂದಳು. ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಕೆಸರಾದ ಹಿಮದಲ್ಲಿ ಕಾಲಿಟ್ಟು ಆಗಿತ್ತು.

ನಾಲ್ಕು ಹೆಜ್ಜೆ ಹೋಗಿದ್ದಳೋ ಇಲ್ಲವೋ, ಫ್ಲೋರೆಸ್ತೀನ್ ಚಿಕ್ಕಮ್ಮನ ನೆನಪಾಗಿ ನಿಂತುಬಿಟ್ಟಳು. ಹೊದಿಕೆಯ ನಟ್ಟನಡುವೆ ಇರುವುದು ಚಿಕ್ಕಮ್ಮನ ಬೀವರ್ ಕೋಟಿನ ಬೆನ್ನು. ಚಿಕ್ಕಮ್ಮ ಅದನ್ನು ಕೊಟ್ಟಿರಲಿಲ್ಲ. ಈ ಚಳಿಗಾಲದ ಶುರುವಿನಲ್ಲಿ ಸರೋವರದ ದಡದ ಊರಿನಿಂದ ಕೋಟು ಹೊತ್ತು ಬಂದು, ‘ಕಂಕುಳಲ್ಲಿ ಲೈನಿಂಗ್ ಹರಿದಿದೆ, ಹೊಲಿದುಕೊಡೇ’ ಎಂದಿದ್ದಳು, ಅಷ್ಟೆ. ಭಾನುವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಹಾಸಿ ಅಸ್ತರು ಬಿಚ್ಚಿದಾಗ ಒಳಗಿಂದ ಬಂದ ವಾಸನೆಗೆ ಎಲ್ವೀನಾ ಬಗ್ಗಿ ಮೂಗು ಹಚ್ಚಿದ್ದಳು. ಹೊಗೆ, ಮೀನು, ಚಿಕ್ಕಮ್ಮನ ಮೈ. ಎಲ್ವೀನಾ ಕೆಲಸ ಮಾಡುವ, ಇಗರ್ಜಿಯ ನೆಲಮಾಳಿಗೆಯ ಹಳೆಬಟ್ಟೆ ಅಂಗಡಿಗೆ ಸತ್ತವರ ಮನೆಗಳಿಂದ ಬಂದು ಬೀಳುತ್ತಿದ್ದ ಕೋಟುಗಳಿಗೆ ನುಸಿಗುಳಿಗೆಯ ವಾಸನೆ ಬಿಟ್ಟರೆ ಬೇರೆ ಇರಲಿಲ್ಲ. ಯಾರಿಗೂ ಬೇಡವಾದ ಆ ತುಪ್ಪಳ, ಹರಿದ ಕಂಬಳಿ, ಚಪ್ಪಟೆಯಾದ ಫೆಲ್ಟ್ ಟೊಪ್ಪಿಗೆಗಳನ್ನೇ ಅವಳು ಮನೆಗೆ ಒಯ್ದು ಜೋಡಿಸುತ್ತಿದ್ದದ್ದು. ಎಲ್ಲ ಸೇರಿ ಹೊದಿಕೆ ಬೆಳೆದಿತ್ತು, ನಡುವೆ ಮಾತ್ರ ಖಾಲಿ. ಏನಿಟ್ಟರೂ ಅಲ್ಲಿ ಸತ್ತಂತೆ ಕಾಣುತ್ತಿತ್ತು. ಚಿಕ್ಕಮ್ಮನ ಕೋಟು ಸತ್ತಿರಲಿಲ್ಲ. ಒಮ್ಮೆ ಇಟ್ಟು ನೋಡೋಣ, ಆಮೇಲೆ ವಾಪಸ್ ಹೊಲಿದರಾಯಿತು ಎಂದು ತನಗೇ ಸುಳ್ಳು ಹೇಳಿಕೊಂಡು, ತುಪ್ಪಳದ ಕೂದಲು ತುಂಡಾಗದ ಹಾಗೆ ತೊಗಲಿನ ಕಡೆಯಿಂದ ಬ್ಲೇಡು ಎಳೆದಿದ್ದಳು. ಆ ಜಾಗಕ್ಕೆ ಬಣ್ಣ ಹಾಕಿದ ನೀರಿಲಿಯ ತುಪ್ಪಳ ಕೂರಿಸಿ, ಅಸ್ತರು ಮುಚ್ಚಿ, ಇಸ್ತ್ರಿ ಹೊಡೆದು ಕೊಟ್ಟದ್ದಾಯಿತು. ಚಿಕ್ಕಮ್ಮ ಎರಡೂ ಕೆನ್ನೆಗೆ ಮುತ್ತಿಟ್ಟು, ಕೂಲಿಯೆಂದು ಒಂದು ಚೀಲ ಹೆಪ್ಪುಗಟ್ಟಿದ ಮೀನು ಕೊಟ್ಟಿದ್ದಳು. ಗಂಟಲಲ್ಲಿ ಇಳಿಯುವುದಿಲ್ಲ ಎಂದುಕೊಂಡೇ ಹುರಿದಿದ್ದಳು, ತುಂಬ ರುಚಿಯಾಗಿತ್ತು, ಪೂರ್ತಿ ತಿಂದಿದ್ದಳು.

ತುಪ್ಪಳ ಹೊರಗಿರುವವರೆಗೆ ಯಾರಿಗೂ ಏನೂ ತಿಳಿಯದು. ತಿರುಗಿಸಿದರೆ ತೊಗಲಿನ ಮೇಲಿನ ತೂತುಗಳು ಕಾಣುತ್ತವೆ. ಹದ ಮಾಡುವವರು ಒಬ್ಬರ ಚರ್ಮ ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆಂದು ಬೋನು ಹಾಕುವ ಪ್ರತಿ ಮನೆಯವರೂ ಕಳಿಸುವ ಮೊದಲು ತಮ್ಮದೊಂದು ಗುರುತು ಚುಚ್ಚಿಡುತ್ತಾರೆ. ಮೊಯೀಸ್ ಚಿಕ್ಕಪ್ಪನ ಗುರುತು ಒಂದು ಕೈ ಮೋಟಾದ ಶಿಲುಬೆ. ದಬ್ಬಳ ಹಿಡಿದು ಚುಚ್ಚುತ್ತಿದ್ದವಳು ಚಿಕ್ಕಮ್ಮ. ಮದುವೆಯ ಹೊಸದರಲ್ಲಿ ಚುಚ್ಚುವಾಗ ಚಿಕ್ಕಪ್ಪ ಏನೋ ಪೋಲಿ ಮಾತಾಡಿ ನಗಿಸಿದ್ದಕ್ಕೆ ಒಂದು ತೂತು ತಪ್ಪಿ, ಆ ತಪ್ಪೇ ಮನೆಯ ಗುರುತಾಗಿ ಉಳಿದಿತ್ತು. ಚಿಕ್ಕಪ್ಪ ಸತ್ತ ಮೇಲೆ ದಬ್ಬಳಕ್ಕೆ ಕೆಲಸವಿಲ್ಲ. ಅಂಥ ಗುರುತನ್ನು ಚಿಕ್ಕಮ್ಮ ಕೋಣೆಯ ಆ ತುದಿಯಿಂದಲೇ ಗುರುತು ಹಿಡಿದಾಳು, ಇವತ್ತು ಸಂಜೆ ಅವಳೂ ಬರುತ್ತಾಳೆ. ಎಲ್ವೀನಾ ಗ್ಯಾಲರಿಯ ಬಾಗಿಲಲ್ಲಿ ನಿಂತು ಫೋನು ಮಾಡಿದಳು. ಊರಿನಲ್ಲಿ ಚಿಕ್ಕಮ್ಮಂದಿರನ್ನು ಕರೆಯುವುದು ಮತಾಂತ್ ಎಂದೇ.

‘ಮತಾಂತ್, ರಸ್ತೆಯೆಲ್ಲ ಮಂಜುಗಡ್ಡೆಯಂತೆ. ಬರೋದು ಬೇಡ. ಇನ್ನೊಂದಿನ ನಾನೇ ಕರ್ಕೊಂಡು ಬಂದು ತೋರಿಸ್ತೀನಿ.’

‘ಮಂಜುಗಡ್ಡೆಯಂತೆ! ನಾನು ಹುಟ್ಟಿದ್ದು ಮಾವಿನ ತೋಪಿನಲ್ಲೇನೇ? ಕೂದಲಿಗೆ ಸುರುಳಿ ಹಾಕ್ಕೊಂಡು ಕೂತಿದೀನಿ ಕಣೇ. ಪಾದ್ರಿಗಳೇ ಗಾಡೀಲಿ ಕರ್ಕೊಂಡು ಬರ್ತಾರೆ. ಯಾಕೆ, ನಿನ್ನ ದೊಡ್ಡ ಜನದ ಮುಂದೆ ಈ ಮುದುಕಿ ಬಂದ್ರೆ ಮರ್ಯಾದೆ ಹೋಗುತ್ತಾ?’

‘ಅಯ್ಯೋ, ಹಾಗಲ್ಲ ಮತಾಂತ್.’

‘ಹಾಗಲ್ಲದಿದ್ರೆ ಫೋನಿಡು. ಸುರುಳಿ ಬಿಚ್ಚಿಹೋಗುತ್ತೆ.’

ಒಳಗೆ ಅನಿಕಾ ಫ್ರೀಸನ್ ಬಣ್ಣದ ಡಬ್ಬಿಗಳ ನಡುವೆ ನಿಂತಿದ್ದಳು. ಪ್ರದರ್ಶನದ ಉಸ್ತುವಾರಿ ಅವಳದು. ಚಿಕ್ಕ ವಯಸ್ಸು, ಒಳ್ಳೆಯ ಹುಡುಗಿ, ಒಳ್ಳೆಯತನದಿಂದಲೇ ಎಲ್ವೀನಾಳನ್ನು ಕುಗ್ಗಿಸಿಬಿಡುತ್ತಿದ್ದಳು. ಹೊದಿಕೆ ತಂದ ದಿನ, ‘ಏನೂ ಅಂದ್ಕೋಬೇಡಿ, ಹುಳ ಇರಬಹುದು ಅಂತ’ ಎಂದು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹಂದಿಮಾಂಸ ಇಡುವಂಥ ದೊಡ್ಡ ಫ್ರೀಜರಿಗೆ ತಳ್ಳಿಸಿದ್ದಳು. ಹೊರಬಂದ ಮೇಲೆ ಮುಟ್ಟಲು ಹೋದ ಎಲ್ವೀನಾಳ ಕೈಗೆ ನೀಲಿ ರಬ್ಬರ್ ಗವಸು ಕೊಟ್ಟಿದ್ದಳು. ತಾನೇ ಹೊಲಿದದ್ದು, ಪ್ರತಿ ಹೊಲಿಗೆಗೂ ತನ್ನ ಎಂಜಲು ಹತ್ತಿದ ದಾರ ಹೋಗಿದೆ, ಈಗ ಗವಸು. ಅವಳು ಹಾಕಿಕೊಂಡಿದ್ದಳು, ಥ್ಯಾಂಕ್ಸ್ ಬೇರೆ ಹೇಳಿದ್ದಳು. ಆ ಥ್ಯಾಂಕ್ಸ್ ಇವತ್ತಿಗೂ ಹಲ್ಲಿನ ಸಂದಿಯಲ್ಲಿ ಸಿಕ್ಕ ಮಾಂಸದ ಎಳೆಯ ಹಾಗೆ ಕಾಡುತ್ತಿತ್ತು. ಚಿಕ್ಕಮ್ಮ ಬಂದರೆ ಬರಲಿ, ಹೊದಿಕೆಯನ್ನು ಉಲ್ಟಾ ಬಿಡುವುದು ಮಾತ್ರ ಇವತ್ತು ಅವಳಿಂದಾಗುತ್ತಿರಲಿಲ್ಲ.

‘ಅನಿಕಾ, ಅದನ್ನ ಇಳಿಸ್ಬೇಕು. ತಿರುಗಿಸಿ ಹಾಕ್ಬೇಕು.’

‘ತಲೆಕೆಳಗಾ?’

‘ಒಳಗಿಂದು ಹೊರಗೆ.’

ಅನಿಕಾ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. ‘ಎಲ್ವೀನಾ, ಆಮಂತ್ರಣದಲ್ಲಿ ಫೋಟೋ ಹೋಗಿದೆ. ಕೊಳ್ಳೋ ಸಮಿತಿಯವರು ಆ ತುಪ್ಪಳ ನೋಡಿಯೇ ಬರ್ತಿರೋದು. ಅವರು ಹೂಂ ಅಂದ್ರೆ ಇದು ಈ ಊರಿನ ಸಂಗ್ರಹದಲ್ಲಿ ಶಾಶ್ವತವಾಗಿ ಇರುತ್ತೆ. ಒಳಗಡೆ ನೋಡೋ ಹಾಗಿಲ್ಲ, ಅದಕ್ಕೇ ಗೋಡೆ ಕಡೆಗೆ ಇರಲಿ ಅಂತ ನೀವೇ ಹೇಳಿದ್ರಲ್ಲ?’

‘ಹೇಳಿದ್ದೆ. ದಡ್ಡಿ ನಾನು. ಫಲಕದಲ್ಲಿ ಏನು ಬರೆದಿದೀನಿ ಓದು. ಓದಮ್ಮ, ಜೋರಾಗಿ ಓದು.’

ಅನಿಕಾ ಓದಿದಳು. ‘ತುಪ್ಪಳ ಒಳಗೆ’ ಎಂಬಲ್ಲಿಗೆ ಬಂದಾಗ ನಿಂತು, ಗೋಡೆ ನೋಡಿ, ಮತ್ತೆ ಫಲಕ ನೋಡಿದಳು. ಅವಳ ಕಿವಿ ಕೆಂಪಗಾಯಿತು. ‘ಅಯ್ಯೋ,’ ಎಂದಳು, ‘ನಾನು ಇದನ್ನ ಎಷ್ಟು ಸಲ ತಿದ್ದಿದೀನಿ, ನಂಗೂ ಹೊಳೀಲಿಲ್ಲ.’ ಮೇಲಿನವರನ್ನು ಕೇಳಿಬರುತ್ತೇನೆಂದು ಅವಳು ಓಡಿದಾಗ ಎಲ್ವೀನಾಗೆ ಆ ಹುಡುಗಿಯ ಮೇಲೆ ಮೊದಲ ಬಾರಿಗೆ ಪ್ರೀತಿ ಉಕ್ಕಿತು.

ಒಪ್ಪಿಗೆ ಸಿಕ್ಕಿ, ಇಬ್ಬರು ಕೆಲಸಗಾರರು ಬಂದು ಹೊದಿಕೆ ಇಳಿಸಿ ನೆಲಕ್ಕೆ ಹಾಸಿ ತಿರುಗಿಸಿದರು. ತಾನೇ ಹೊಲಿದದ್ದನ್ನು ಎಲ್ವೀನಾ ಅದೇ ಮೊದಲು ನೋಡುವವಳಂತೆ ನೋಡಿದಳು. ಕಂದು, ಹಳದಿ, ಬೂದು ತೊಗಲು, ಅದರ ಮೇಲೆ ಸಾವಿರ ಓರೆ ಹೊಲಿಗೆಗಳು, ಬೆರಳಗಲದ ಪಟ್ಟಿಗಳನ್ನು ಒಂದಕ್ಕೊಂದು ಸೇರಿಸಿ ಸೇರಿಸಿ ಕೋಟು ಉದ್ದ ಮಾಡಿದ ಹೊಲಿಗೆಗಳು, ಸೀಮೆಸುಣ್ಣದ ಗೆರೆ, ಮಸಿಯ ಅಂಕಿ, ಅಂಟುಬಟ್ಟೆ, ಯಾರೋ ಬೆರಳು ಚುಚ್ಚಿಕೊಂಡ ರಕ್ತದ ಒಣಗಿದ ಚುಕ್ಕೆ. ಈ ಊರಿನ ತುಪ್ಪಳದ ಕಾರ್ಖಾನೆಗಳ ಮೇಲಂತಸ್ತುಗಳಲ್ಲಿ ಸಾಲಾಗಿ ಕೂತು ಹೊಲಿಯುತ್ತಿದ್ದ ಹೆಂಗಸರ ಕೈಕೆಲಸ ಅದು. ಅವಳ ಅಮ್ಮನೂ ಕೂತಿದ್ದಳು, ಮನೆಗೆ ಬಂದರೆ ಮೂಗಿನ ತುಂಬ ಕೂದಲು, ಸೀನಿ ಸೀನಿ ‘ಇವತ್ತು ಯಾವಳನ್ನೋ ರಾಣಿ ಮಾಡಿಬಂದೆ’ ಎನ್ನುತ್ತಿದ್ದಳು. ಇದರಲ್ಲಿ ಅಮ್ಮನ ಹೊಲಿಗೆಯೂ ಇರಬಹುದು, ಇಲ್ಲದಿರಬಹುದು. ಅಂತೂ ಎಲ್ಲ ರಾಣಿಯರೂ ಗೋಡೆಯ ಕಡೆಗೆ ಮುಖ ಮಾಡಿದ್ದರು, ಹೊಲಿದವರು ಈಚೆ ತಿರುಗಿದ್ದರು. ಎಲ್ವೀನಾ ಹಿಗ್ಗಿ ಹೀರೇಕಾಯಿಯಾದಳು. ಕೋಣೆಯ ಉದ್ದಕ್ಕೂ ಓಡಾಡಿದಳು. ವಾಪಸ್ ಬಂದ ಅನಿಕಾ ಗವಸು ಹಾಕಿಕೊಳ್ಳುವುದನ್ನೇ ಮರೆತು ಮಂಡಿಯೂರಿ ಬರಿಗೈಯಿಂದ ಹೊಲಿಗೆ ಸವರಿದಳು.

‘ಇದೇನಿದು, ನಡುವೆ? ತೂತುಗಳು?’

‘ಗುರುತು. ಮೊಯೀಸ್ ಅಂತ ಒಬ್ರು ಇದ್ರು. ಅವರ ಮನೆ ಗುರುತು.’

‘ಎಷ್ಟು ಚೆನ್ನಾಗಿದೆ! ಅವರ ಮನೆಯವರು ಕೊಟ್ರಾ?’

‘ಹೂಂ’ ಎಂದಳು ಎಲ್ವೀನಾ. ಅನಿಕಾ ದೀಪದವನನ್ನು ಕರೆಯಲು ಹೋದಾಗ ಅವಳು ಚೀಲದಿಂದ ಒಂದು ತುಂಡು ಸ್ಯಾಟಿನ್ ಅಸ್ತರು ತೆಗೆದು ತೂತುಗಳ ಮೇಲಿಟ್ಟು ಅವಸರದಲ್ಲಿ ಎರಡು ಹೊಲಿಗೆ ಹಾಕಿದಳು. ಯಾರಿಗೂ ಅನುಮಾನ ಬರುವಂತಿರಲಿಲ್ಲ, ಎಲ್ಲೆಲ್ಲೂ ತೇಪೆಗಳೇ. ಎದ್ದು ದೂರ ನಿಂತು ನೋಡಿದಳು. ಇಡೀ ಹೊದಿಕೆ ಬಾಯಿಗೆ ಬಟ್ಟೆ ತುರುಕಿಸಿಕೊಂಡಂತೆ ಕಂಡಿತು. ಇರಲಿ, ಒಂದು ಸಂಜೆಯ ಮಟ್ಟಿಗೆ, ಎಂದುಕೊಂಡಳು. ಇರಲಿ ಎನ್ನುತ್ತಲೇ ಕೂತು ಎರಡೂ ಹೊಲಿಗೆ ಕಿತ್ತೆಸೆದಳು. ಪ್ರಾಮಾಣಿಕತೆಯಿಂದಲ್ಲ, ಅಸಹ್ಯವಾಗಿ ಕಂಡಿತು, ಅಷ್ಟೆ. ತಾನು ಎಂಥ ಹೆಂಗಸು, ಕದಿಯಲು ಹೆದರಲಿಲ್ಲ, ಮುಚ್ಚಿಡಲು ಮಾತ್ರ ಅಂದಚೆಂದ ನೋಡುತ್ತೇನಲ್ಲ ಎಂದು ಅವಳಿಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂತು.

ಸಂಜೆ ಜನ ತುಂಬಿದರು. ವೈನಿನ ಗ್ಲಾಸುಗಳು, ಒದ್ದೆ ಬೂಟುಗಳು. ಬೋ ಟೈ ಕಟ್ಟಿದ ಸಮಿತಿಯ ಹಿರಿಯರೊಬ್ಬರು ಹೊದಿಕೆಯ ಮುಂದೆ ನಿಂತವರು ಅಲ್ಲಾಡಲಿಲ್ಲ. ಆಮಂತ್ರಣದ ಫೋಟೋ ಕೈಯಲ್ಲಿ ಹಿಡಿದು ಹೋಲಿಸಿ, ‘ಇದು ಬೇರೆಯೇ! ಅದಕ್ಕಿಂತ ಎಷ್ಟೋ ಮೇಲು!’ ಎಂದು ಅನಿಕಾಳ ಕೈ ಕುಲುಕಿದರು. ಅನಿಕಾ ದೂರದಿಂದ ಎಲ್ವೀನಾಗೆ ಕಣ್ಣು ಹೊಡೆದಳು. ಎಲ್ವೀನಾಗೆ ಒಂದು ಮಾತೂ ಕೇಳಿಸುತ್ತಿರಲಿಲ್ಲ, ಅವಳ ಜೀವ ಬಾಗಿಲಲ್ಲಿತ್ತು. ಬಾಗಿಲಲ್ಲಿ ಕೋಟು ತೆಗೆದಿಡುವ ಹುಡುಗಿಯೊಂದಿಗೆ ಯಾರೋ ಜಗಳವಾಡುತ್ತಿದ್ದರು.

‘ಬೇಡಮ್ಮ, ನನ್ನ ಕೋಟು ನನ್ನ ಮೈಮೇಲೇ ಇರಲಿ. ಬಿಚ್ಚಿ ಕೊಟ್ಟಾಗಲೆಲ್ಲ ಕಡಿಮೆಯಾಗಿ ವಾಪಸ್ ಬರುತ್ತೆ ಇದು.’

ಎಲ್ವೀನಾ ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟಳು. ಫ್ಲೋರೆಸ್ತೀನ್ ಸುರುಳಿ ಕೂದಲು, ಕೆಂಪು ತುಟಿ, ಮಂಡಿಯವರೆಗಿನ ಕೋಟಿನಲ್ಲಿ ಜನರ ನಡುವೆ ದಾರಿ ಮಾಡಿಕೊಂಡು ನೇರ ಹೊದಿಕೆಯ ಮುಂದೆ ಬಂದು ನಿಂತಳು. ಬೆರಳು ಚಾಚಿ ಗಾಳಿಯಲ್ಲೇ ತೂತುಗಳನ್ನು ಒಂದೊಂದಾಗಿ ಮುಟ್ಟಿದಳು, ತಪ್ಪಿಹೋದ ತೂತಿನ ಜಾಗಕ್ಕೆ ಬಂದಾಗ ಅವಳ ತುಟಿ ಒಂದಿಷ್ಟು ಅಲುಗಿತು. ಎಲ್ವೀನಾ ಪಕ್ಕಕ್ಕೆ ಹೋಗಿ ನಿಂತಳು. ಓಡಿಹೋಗಬೇಕೆನಿಸಲಿಲ್ಲ, ಅದೇ ಆಶ್ಚರ್ಯ.

‘ಗೊತ್ತಿತ್ತಾ ಮತಾಂತ್?’

‘ಗೊತ್ತಿಲ್ದೆ ಏನು? ಮನೆಗೆ ಹೋಗೋ ದಾರೀಲೇ ಬೆನ್ನಿಗೆ ಚಳಿ ಹಿಡೀತು. ಮೊಯೀಸನ ಬೀವರಿಗೂ ನಿನ್ನ ಇಲಿಗೂ ವ್ಯತ್ಯಾಸ ತಿಳಿಯದಷ್ಟು ಮರಗಟ್ಟಿಲ್ಲ ನನ್ನ ಬೆನ್ನು. ಚಳಿಗಾಲ ಪೂರ್ತಿ ಕಾದೆ, ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ.’

‘ತಪ್ಪಾಯ್ತು.’

‘ಕೇಳಿದ್ರೆ ಕೊಡ್ತಿದ್ನಾ ಅಂತ ಕೇಳು.’

‘ಕೊಡ್ತಿದ್ಯಾ?’

‘ಇಲ್ಲ!’ ಎಂದಳು ಫ್ಲೋರೆಸ್ತೀನ್. ಸುತ್ತಲಿನವರು ತಿರುಗಿ ನೋಡಿದರು. ‘ಕೊಡ್ತಿರ್ಲಿಲ್ಲ. ಚೆನ್ನಾಗಿ ಮಾಡಿದೀಯ, ನನ್ನ ಕಣ್ಣಲ್ಲಿ ನೀರು ಬಂತು, ಅದು ಬೇರೆ ಮಾತು. ನನ್ನ ಬೆನ್ನು ನಂಗೆ ಕೊಡು.’

‘ನಾಳೆ ಮನೆಗೆ...’

‘ಈಗ.’

ಅನಿಕಾ ಓಡಿಬಂದಳು. ಬೋ ಟೈ ಹಿರಿಯರೂ ಬಂದರು. ‘ಇದೂ ಕೃತಿಯ ಭಾಗವೇ?’ ಎಂದು ಅವರು ಮೆಲ್ಲಗೆ ಕೇಳಿದರು.

‘ಅಲ್ಲ ಸ್ವಾಮಿ,’ ಎಂದಳು ಫ್ಲೋರೆಸ್ತೀನ್, ‘ಇದು ನನ್ನ ಬೆನ್ನು.’

ಎಲ್ವೀನಾ ಅನಿಕಾಳ ಕಡೆ ತಿರುಗಿದಳು. ‘ಬೆಳಗ್ಗೆ ಹೂಂ ಅಂದಿದ್ನಲ್ಲ, ಅದು ಸುಳ್ಳು. ಯಾರೂ ಕೊಟ್ಟಿರ್ಲಿಲ್ಲ, ನಾನೇ ತಗೊಂಡಿದ್ದು.’ ಹೇಳಿದ್ದೇ ತಡ, ಮೈ ಹಗುರಾಗಿ, ಬೆಳಗ್ಗೆ ಬಸ್ಸಿನಲ್ಲಿ ಹತ್ತಿದ ಉಮೇದು ದುಪ್ಪಟ್ಟಾಗಿ ಮರಳಿತು. ಅನಿಕಾ ಕಿವಿಯಲ್ಲಿ, ‘ನಡುವೆ ಕಿತ್ತರೆ ಸಮಿತಿಯವರು ತಗೋತಾರೋ ಇಲ್ವೋ ನಾನು ಹೇಳಲಾರೆ, ಎಲ್ವೀನಾ, ಯೋಚನೆ ಮಾಡಿ’ ಎನ್ನುತ್ತಿದ್ದಳು. ಯೋಚನೆ ಮಾಡುವುದೇನಿತ್ತು? ಎಲ್ವೀನಾ ಏಣಿ ಎಳೆದಳು, ಚೀಲದಿಂದ ಬ್ಲೇಡು ತೆಗೆದಳು. ‘ತೊಗಲು ಕೊಯ್ದೀಯ, ಹೊಲಿಗೆ ಮಾತ್ರ ಬಿಚ್ಚು’ ಎಂದು ಕೆಳಗಿಂದ ಚಿಕ್ಕಮ್ಮ ಗದರಿದಳು. ಒಂದೊಂದೇ ಹೊಲಿಗೆ ಬಿಚ್ಚಿದಳು, ದಾರದ ಚೂರುಗಳು ಬೋ ಟೈ ಹಿರಿಯರ ಬೂಟಿನ ಮೇಲೆ ಉದುರಿದವು, ಅವರು ಕಾಲು ಸರಿಸಲಿಲ್ಲ. ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು, ಹುಡುಗಿಯಾಗಿದ್ದಾಗ ಹೀಗೆ ನೂರು ಜನ ನೋಡಿದ್ದರೆ ಸತ್ತೇ ಹೋಗುತ್ತಿದ್ದಳು. ತುಂಡು ಕೈಗೆ ಬಂದಾಗ ಹೊದಿಕೆಯ ನಡುವೆ ಒಂದು ಕಿಂಡಿ ತೆರೆದು ಹಿಂದಿನ ಬಿಳಿ ಗೋಡೆ ಕಂಡಿತು. ಅಲ್ಲಿ ಏನಿಟ್ಟರೂ ಸತ್ತಂತೆ ಕಾಣುತ್ತಿದ್ದದ್ದು ಯಾಕೆಂದು ಅವಳಿಗೆ ಈಗ ಗೊತ್ತಾಯಿತು. ಅಲ್ಲಿ ಏನೂ ಇರಬಾರದಿತ್ತು, ಯಾರದೋ ಮೈಯಿಂದ ತೆಗೆದುಕೊಂಡ ಜಾಗ ಅದು. ‘ಅನಿಕಾ, ನೋಡು, ನೋಡು!’ ಎಂದು ಏಣಿಯ ಮೇಲಿಂದಲೇ ಕೂಗಿದಳು.

ಫ್ಲೋರೆಸ್ತೀನ್ ಒಂದು ಸ್ಟೂಲು ಎಳೆದು, ಕೋಟು ಬಿಚ್ಚದೆ, ಜನರ ನಡುವೆ ಬೆನ್ನು ಕೊಟ್ಟು ಕೂತಳು. ‘ಇಲ್ಲೇ ಹೊಲಿ. ಬಿಚ್ಚಿ ಕೊಡಲ್ಲ ಅಂದೆನಲ್ಲ.’

‘ಮೈಮೇಲೇನಾ? ಸೂಜಿ ಚುಚ್ಚುತ್ತೆ ಮತಾಂತ್.’

‘ಚುಚ್ಚಲಿ. ನಿನ್ನ ಇಲಿ ಕಿತ್ತುಹಾಕು. ತುಪ್ಪಳ ಒಳಗೆ ಮಾಡಿ ಹಾಕು. ಅಂಗಡಿಯವನ ಮಾತು ಕೇಳಿ ಹೊರಗೆ ಹಾಕಿಸಿದ್ದ ಮೊಯೀಸ್, ಜಂಬಗಾರ.’

ಗವಸಿಲ್ಲದ ಕೈಯಿಂದ ಎಲ್ವೀನಾ ದಾರಕ್ಕೆ ಎಂಜಲು ಹಚ್ಚಿ ಸೂಜಿ ಪೋಣಿಸಿದಳು. ನೀರಿಲಿಯ ತುಪ್ಪಳ ಬಿಚ್ಚಿ, ಅದರ ಹಿಂದಿನ ಅಸ್ತರನ್ನೂ ಕೊಯ್ದು, ತುಂಡನ್ನು ಕೂರಿಸಿದಳು. ಗುರುತಿನ ತೂತುಗಳು ಕೋಟಿನ ಬೆನ್ನಿನ ಮೇಲೆ ಎಲ್ಲರಿಗೂ ಕಾಣುವಂತೆ ಬಂದವು. ಒಂದು ಬದಿ ಹೊಲಿದಾಯಿತು, ಇನ್ನೊಂದು ಬದಿ ಹೊಲಿದಾಯಿತು. ಚಿಕ್ಕಮ್ಮನ ಉಸಿರಿಗೆ ತೊಗಲು ಏರಿ ಇಳಿಯುತ್ತಿತ್ತು, ಸೂಜಿ ಅದಕ್ಕೆ ಕಾದು ಕಾದು ಇಳಿಯುತ್ತಿತ್ತು. ಸಮಿತಿಯವರು ಆಚೆ ಏನೋ ಗುಸುಗುಸು ಮಾತಾಡಿಕೊಳ್ಳುತ್ತಿದ್ದರು, ಎಲ್ವೀನಾ ಆ ಕಡೆ ತಿರುಗಲಿಲ್ಲ.

‘ಸಾಕಾ ಮತಾಂತ್? ಬಿಗಿಯಾಯ್ತಾ?’

ಫ್ಲೋರೆಸ್ತೀನ್ ಭುಜ ಕುಣಿಸಿ ನೋಡಿದಳು. ಒಮ್ಮೆ ಕಣ್ಣು ಮುಚ್ಚಿದಳು.

‘ಮಾತಾಡ್ಬೇಡ ನನ್ನ ಹತ್ರ,’ ಎಂದಳು, ‘ಸಿಟ್ಟು ಇನ್ನೂ ಇಳಿದಿಲ್ಲ. ಬೆಚ್ಚಗಿದೆ.’